ಅಮ್ಮನ ಕಾರಿನ ಸೀಟು

ಇವತ್ತು ಬಟ್ಟೆ ಒಗೆದೆ, ಕರಿಬೇವಿಗೆ ನೀರು ಹಾಕಿದೆ, ಗ್ಯಾರೇಜು ಗುಡಿಸಿದೆ. ಗ್ರೀಸಿನ ವಾಸನೆಗೆ ಚಿಕ್ಕವಳಿದ್ದಾಗ ಅಮೆರಿಕದ ಫ್ರೀಮಾಂಟಿನಲ್ಲಿ ಕಳೆದ ಒಂದು ಮಧ್ಯಾಹ್ನ ನೆನಪಾಯಿತು.

ಅಮ್ಮ ತೀರಿಕೊಂಡ ವರ್ಷ ಅಪ್ಪ ಅವಳ ಕಾರು ಬಿಚ್ಚಿ, ಎಂಜಿನ್ನು, ಸೀಟು ಎಲ್ಲ ಬಿಡಿಭಾಗ ತರಿಸಿ ಮನೆಯಲ್ಲೇ ತಾನು ಕಟ್ಟುತ್ತಿದ್ದ ಕಿಟ್ ಕಾರಿಗೆ ಜೋಡಿಸಿದ. ಅಮ್ಮ ಗಿಡ್ಡ, ಅವಳ ಸೀಟು ಯಾವಾಗಲೂ ಮುಂದಕ್ಕೇ ಇರುತ್ತಿತ್ತು. ಅದರಲ್ಲಿ ಕೂತ ಅಪ್ಪನ ಮಂಡಿ ಸ್ಟೀರಿಂಗಿಗೆ ತಾಗಿತು.

"ಕಪ್ಪೆ ಥರ ಕಾಣ್ತೀಯಪ್ಪ, ಹಿಂದಕ್ ತಳ್ಳು," ಅಂದೆ.

"ತುಕ್ಕು ಹಿಡ್ದು ಕೂತ್ಬಿಟ್ಟಿದೆ ಕಣಮ್ಮ, ಬಿಡು."

ಅಪ್ಪ ಕೈ ತೊಳೆಯಲು ಹೋದಾಗ ನಾನೇ ಸೀಟಿನ ಕೆಳಗಿನ ಲಿವರ್ ಎತ್ತಿದೆ. ಸೀಟು ಸಲೀಸಾಗಿ ಹಿಂದಕ್ಕೆ ಜಾರಿತು. "ಅಪ್ಪಾ, ಸರಿ ಮಾಡ್ದೆ ನೋಡು," ಎಂದು ಕೂಗಿದೆ.

ಅಪ್ಪ ಬಂದು ನೋಡಿದ, ಬಯ್ಯಲಿಲ್ಲ. ಸೀಟನ್ನು ಅದರ ಹಳಿಯ ಮೇಲೆ ಒಂದೊಂದೇ ಹಲ್ಲು ಮುಂದಕ್ಕೆ ಸರಿಸುತ್ತಾ, "ಅಮ್ಮಂಗೆ ಇಲ್ಲಿತ್ತಾ? ಇನ್ನೂ ಮುಂದಕ್ಕಿತ್ತಾ?" ಎಂದು ನನ್ನನ್ನೇ ಕೇಳಿದ. ಸರಿಯಾದ ಜಾಗ ನನಗೂ ನೆನಪಿರಲಿಲ್ಲ.

ಸಂಜೆ ಮೊಸರನ್ನ, ನಿಂಬೆ ಉಪ್ಪಿನಕಾಯಿ ತಿಂದೆವು. ಅವತ್ತು ನನಗಿಂತ ಮೊದಲು ಅಪ್ಪನೇ ಮಲಗಿದ.