ಗೋಡೆ ಕುಡಿದ ಸಿಹಿನೀರು

ಮಾಂಗ್ ಬಾಯಿಗೆ ಹಾಕಿಕೊಂಡ ನೀರನ್ನು ಅಷ್ಟೂ ಉಗಿದುಬಿಟ್ಟ. "ಥೂ, ಚೌಳು!" ಎಂದು ಪಕ್ಕದ ಗುಡಾಣಕ್ಕೆ ಸೌಟು ಅದ್ದಿದ. ಅದೂ ಚೌಳು. ಮೂರನೆಯದೂ, ನಾಲ್ಕನೆಯದೂ. ಗೋಡೆಯ ಮೇಲೆ ಗರಸು ಬಡಿಯುತ್ತಿದ್ದ ದಿಮ್ಮಸುಗಳ ಸದ್ದು ಒಂದೊಂದಾಗಿ ನಿಂತಿತು. ಕುಡಿಯುವ ನೀರಿನ ಸಾಲಿನಲ್ಲಿ ಗೋಡೆಯ ನೀರು ಕೂತಿದೆ ಎಂದರೆ, ಬೆಳಿಗ್ಗೆ ಗೋಡೆಗೆ ಹೋದದ್ದು ಯಾವ ನೀರು? ಗೋಡೆಗೆ ನೀರು ಹೊಯ್ಯುವ ಚಿಯು ತಾನು ಆಗಷ್ಟೇ ಬರಿದು ಮಾಡಿದ್ದ ಗುಡಾಣದ ತಳದಲ್ಲಿ ಬೆರಳಾಡಿಸಿ ನೆಕ್ಕಿದ. ಸಿಹಿ.

ಗಡಿಯ ಊರು ದುನ್‌ಹುವಾಂಗ್‌ನ ಆಚೆಯ ಆ ಮರಳುಗಾಡಿನಲ್ಲಿ ಗಡಿಗೋಡೆ ಕಟ್ಟಲು ಕಲ್ಲು ಸಿಗುವುದಿಲ್ಲ. ಜೊಂಡಿನ ಕಟ್ಟುಗಳನ್ನು ಅಡ್ಡಡ್ಡ ಹಾಸಿ, ಮೇಲೊಂದು ಗೇಣು ಗರಸು ಸುರಿದು, ಚೌಳು ನೀರು ಹೊಯ್ದು ದಿಮ್ಮಸು ಹಾಕಬೇಕು. ಒಣಗಿದ ಉಪ್ಪೇ ಗೋಡೆಯನ್ನು ಕಲ್ಲಾಗಿ ಹಿಡಿಯುತ್ತದೆ. ಎರಡೂ ನೀರಿಗೆ ಒಂದೇ ಅಚ್ಚಿನ ಗುಡಾಣ. ಹೊಯ್ಯುವ ಮೊದಲು ಬೆರಳದ್ದಿ ನೆಕ್ಕಿ ನೋಡುವುದು ಎಲ್ಲರ ಅಭ್ಯಾಸ. ಚಿಯುವಿನ ನಾಲಿಗೆ ಬಿಸಿಲಿಗೆ ಬಿರಿದು ಎರಡು ದಿನವಾಗಿತ್ತು, ಉಪ್ಪು ತಾಕಿದರೆ ಪ್ರಾಣ ಹೋಗುತ್ತಿತ್ತು. ನಿನ್ನೆ ಬಂದ ಗಾಡಿಯವನು ಗುಡಾಣಗಳನ್ನು ಯಾವ ಸಾಲಿನಲ್ಲಿ ಇಳಿಸಿದ್ದನೋ, ಇವನು ನೆಕ್ಕಿರಲಿಲ್ಲ. ಮುಂದಿನ ಗಾಡಿಗೆ ಇನ್ನೂ ಮೂರು ದಿನ.

"ನಾನೇ, ಗೆಂಗಣ್ಣ," ಎಂದ ಚಿಯು. "ನೆಕ್ಕಿ ನೋಡಲಿಲ್ಲ."

"ನಾಲಿಗೇನ ಊರಲ್ಲೇ ಬಿಟ್ಟು ಬಂದಿದೀಯ?" ಮಾಂಗ್ ಸೌಟು ಎಸೆದ. "ಗೋಡೆಗೆ ಎಂಥಾ ಬಾಯಾರಿಕೆ ನೋಡ್ರಪ್ಪ, ಹತ್ತು ಜನರ ಮೂರು ದಿನದ ನೀರು ಒಂದೇ ಗುಟುಕಿಗೆ!"

ಯಾರೂ ನಗಲಿಲ್ಲ. ತಂಡದ ಹಿರಿಯ ಗೆಂಗ್ ಬಗ್ಗಿ ಒದ್ದೆ ಗರಸನ್ನು ಮುಟ್ಟಿ ನೋಡಿದ. ಚಿಯು ಮನಸ್ಸಿನಲ್ಲೇ ದಿನ ಎಣಿಸುತ್ತಿದ್ದ. ಗಡಿಯಲ್ಲಿ ಅವನ ಒಂದು ವರ್ಷದ ಪಾಳಿ ಮುಗಿಯಲು ಇನ್ನು ಹನ್ನೆರಡೇ ದಿನ. ಕುಡಿಯುವ ನೀರು ಹಾಳು ಮಾಡಿದವನಿಗೆ ಮತ್ತೊಂದು ವರ್ಷ. ಅವನು ಹೊರಟ ಮೇಲೆ ಹುಟ್ಟಿದ ಮಗಳಿಗೆ ಎಂಟು ತಿಂಗಳು ತುಂಬಿತ್ತು. ಹೆಸರಿಡುವುದು ಅಪ್ಪನ ಕೆಲಸವೆಂದು ಹೆಂಡತಿ ಕಾದಿದ್ದಳು.

"ಅಷ್ಟನ್ನೂ ಬಗೆದು ತೆಗೀರಿ. ಸಿಹಿನೀರಿನ ಗರಸು ಹಿಡಿಯಲ್ಲ," ಎಂದಷ್ಟೇ ಹೇಳಿ ಗೆಂಗ್ ಪಶ್ಚಿಮಕ್ಕೆ ನಡೆದ. ಎಲ್ಲರೂ ಮುಖ ಮುಖ ನೋಡಿಕೊಂಡರು. ಆ ಕಡೆ ಇದ್ದದ್ದು ಹುವಾನ್‌ನ ತಂಡ. ನಿನ್ನ ಗೋಡೆ ಸೊಟ್ಟ, ಅಲ್ಲ ನಿನ್ನದೇ ಸೊಟ್ಟ ಎಂದು ಜಗಳವಾಡಿ, ಚಳಿ ಕಳೆದಾಗಿನಿಂದ ಇಬ್ಬರು ಹಿರಿಯರಿಗೂ ಮಾತು ಬಿಟ್ಟಿತ್ತು.

ಮಧ್ಯಾಹ್ನವೆಲ್ಲ ಬಗೆದರು. ಒದ್ದೆಯಾಗಿದ್ದ ಹರಳುಗಳನ್ನು ಒಬ್ಬೊಬ್ಬರೇ ಬಾಯಲ್ಲಿಟ್ಟುಕೊಂಡು ಚೀಪಿದರು. ಚಿಯು ಮಾತ್ರ ಮುಟ್ಟಲಿಲ್ಲ. ಮಾಂಗ್ ಬಂದು ಅವನ ಅಂಗೈಗೆ ಒಂದು ಹರಳು ತುರುಕಿದ. "ಚೀಪು ಮಾರಾಯ. ನೀನೇ ಮಾಡಿದ ಅಡುಗೆ, ನೀನೇ ಉಪವಾಸ ಕೂತ್ರೆ ಹೇಗೆ?"

ಬಿಸಿಲು ಇಳಿಯುವಾಗ ಗೆಂಗ್ ಮರಳಿದ. ಹಿಂದೆ ಹುವಾನ್‌ನ ಇಬ್ಬರು ಆಳುಗಳು ಬಡಿಗೆಗೆ ಗುಡಾಣ ತೂಗುಹಾಕಿಕೊಂಡು ಬರುತ್ತಿದ್ದರು. ಮುಕ್ಕಾಲು ಗುಡಾಣ ನೀರು.

"ಹುವಾನ್ ಕೊಟ್ಟನಾ!" ಮಾಂಗ್‌ಗೆ ನಂಬಿಕೆ ಬರಲಿಲ್ಲ.

"ಅವನೊಬ್ಬನೇ ಅಲ್ಲ. ಆ ಕಡೆಯ ಆರೂ ತಂಡದವರು ತಮ್ಮ ಪಾಲಿಂದ ತೆಗೆದು ಕೊಟ್ಟಿದಾರೆ."

"ಸುಮ್ಮನೆ ಕೊಡೋ ಆಸಾಮಿ ಅಲ್ವಲ್ಲ ಅವನು. ಬದಲಿಗೆ ಏನು ಕೇಳಿದ?"

"ನಮ್ಮ ಗೋಡೆನೇ ಸೊಟ್ಟ ಅಂತ ಅವನ ಜನರ ಮುಂದೆ ಮೂರು ಸಲ ಹೇಳು ಅಂದ."

"ಹೇಳಿದ್ರಾ?"

"ನಾಲ್ಕು ಸಲ ಹೇಳಿದೆ."

ಈಗ ನಗು ಬಂತು. ಬಿರಿದ ತುಟಿಗಳನ್ನು ಹಿಡಿದುಕೊಂಡೇ ನಕ್ಕರು. ತನ್ನ ಪಾಲಿನ ಬಟ್ಟಲು ಕೈಗೆ ಬಂದಾಗ ಚಿಯು ಮೊದಲು ಬೆರಳದ್ದಿ ನೆಕ್ಕಿ ನೋಡಿ, ಆಮೇಲೆ ಕುಡಿದ.

ನವಣೆ ಗಂಜಿಗೆ ಒಲೆ ಹಚ್ಚಿದ ಮೇಲೆ ಗೆಂಗ್ ದಿನದ ವರದಿ ಬರೆಯಲು ಮರದ ಪಟ್ಟಿ, ಕುಂಚ ಹಿಡಿದು ಕೂತ. ಚಿಯು ಮುಂದೆ ಬಂದು ಮಂಡಿಯೂರಿದ. "ನನ್ನ ಹೆಸರು ಬರೀರಿ ಅಣ್ಣ. ಮುಚ್ಚಿಟ್ಟು ನಿಮಗೆ ಏಟು ಬೀಳೋದು ಬೇಡ."

"ಎದ್ದೇಳು. ಆ ಖಾಲಿ ಗುಡಾಣ ನಾಲ್ಕನ್ನೂ ಒಡೆದು ಹಾಕು. ಅಧಿಕಾರಿ ಬಂದರೆ ಒಡೆದ ಚೂರು ತೋರಿಸು ಅಂತಾನೆ." ಗೆಂಗ್ ಕುಂಚವನ್ನು ಮಸಿಗೆ ಅದ್ದಿ, ಬರೆಯುತ್ತಲೇ ಮೆಲ್ಲಗೆ ಓದಿದ: "ಬಿರುಗಾಳಿ. ದಿನವಿಡೀ ಕೆಲಸ ನಿಂತಿತು. ನಾಲ್ಕು ಗುಡಾಣ ಉರುಳಿ ಒಡೆದವು."

ಚಿಯು ಏಳಲಿಲ್ಲ. "ಎಲ್ಲಾ ತಂಡದ ಪಟ್ಟಿಗಳನ್ನೂ ಪಕ್ಕಪಕ್ಕ ಇಟ್ಟು ಓದ್ತಾರಲ್ಲ ಅಣ್ಣ. ನಮ್ಮೊಬ್ಬರ ಮೇಲೇ ಗಾಳಿ ಬೀಸಿತು ಅಂದ್ರೆ..."

"ಹುವಾನ್ ಕೂಡ ಇದನ್ನೇ ಬರೀತಿದಾನೆ."

"ಅವನ ಆಚೆಯವರು?"

ಗೆಂಗ್ ಕುಂಚದ ತುದಿಯಿಂದ ಪಶ್ಚಿಮಕ್ಕೆ ತೋರಿಸಿದ. ಗೋಡೆಯ ಉದ್ದಕ್ಕೂ, ಕಣ್ಣು ಹರಿಯುವವರೆಗೆ, ಆರು ತಂಡಗಳ ಒಲೆಗಳ ಹೊಗೆ ಒಂದೆಳೆಯೂ ಬಾಗದೆ ನೆಟ್ಟಗೆ ಆಕಾಶಕ್ಕೆ ನಿಂತಿತ್ತು. ಒಂದೊಂದು ಹೊಗೆಯ ಬುಡದಲ್ಲೂ ಒಬ್ಬೊಬ್ಬ ಹಿರಿಯ ತಲೆ ತಗ್ಗಿಸಿ 'ಬಿರುಗಾಳಿ' ಎಂದು ಬರೆಯುತ್ತಿದ್ದ.