ಕಾಗೆ ಮುಟ್ಟದ ಎಡೆ

ಕಾಗೆ ಬಂತು. ಕಿಟಕಿ ಕಟ್ಟೆ ಮೇಲೆ ಕೂತಿತು. ಮಾದಸ್ವಾಮಿ ಉಸಿರು ಬಿಗಿಹಿಡಿದ.

ಬಾಳೆಲೆ ಚೂರಲ್ಲಿ ಅನ್ನ, ವಡೆ, ಎಳ್ಳುಂಡೆ. ಸೊಸೆ ಪ್ರೇಮಾ ಕುಂತೂರಿಂದ ಮೊದಲ ಬಸ್ಸಿಗೆ ತಂದುಕೊಟ್ಟು ಹೋಗಿದ್ದಳು. ಇವತ್ತು ಮಹಾಲಯ ಅಮಾವಾಸ್ಯೆ. ಸತ್ತ ತಂಗಿಗೆ ಎಡೆ ಇಡಲೇಬೇಕು, ಅದು ಕೊಳ್ಳೇಗಾಲದ ನರ್ಸಿಂಗ್ ಹೋಮಿನ ಗಂಡಸರ ವಾರ್ಡಾದರೂ ಸರಿ.

ಕಾಗೆ ಕತ್ತು ಓರೆ ಮಾಡಿತು. ಹಾರಿಹೋಯಿತು.

ಎರಡೂ ಕಣ್ಣಿಗೆ ಪೊರೆ ಬಂದಿದ್ದ ಮಾದಸ್ವಾಮಿಗೆ ಅದು ಬರೀ ಕಪ್ಪು ಮಸಿಯಂಗೆ ಕಂಡಿದ್ದು. ಹೋಗಿದ್ದು ಮಾತ್ರ ಚೆನ್ನಾಗಿ ಗೊತ್ತಾಯಿತು. ನಲವತ್ತೈದು ವರ್ಷದಿಂದ ಹಿಂಗೇ, ತಂಗಿ ಎಡೇನ ಕಾಗೆ ಮುಟ್ಟಿಲ್ಲ. ಸಕ್ಕರೆ ಇಳೀಲಿ ಅಂತ ಮೂರು ದಿನ ಮಲಗಿಸಿದ್ದರು, ನಾಳೆ ಆಪರೇಷನ್ನು. ಅಷ್ಟರೊಳಗೆ ತಂಗಿ ಕ್ಷಮಿಸಿದಳು ಅನ್ನೋಕೆ ಒಂದು ಗುರುತು ಬೇಕಿತ್ತು. ಒಂದೇ ಒಂದು ಕೊಕ್ಕಿನ ಗುರುತು.

"ಯಾರ್ಗಣ್ಣ ಎಡೆ?"

ಕೇಳಿದ್ದು ಪಕ್ಕದ ಮಂಚದ ಬಳಿ ಕೂತಿದ್ದ ಗುರುಸಿದ್ದಮ್ಮ, ಒಡೆಯರಪಾಳ್ಯದವಳು. ಅವಳ ಗಂಡ ಪುಟ್ಟಸಿದ್ದಯ್ಯನಿಗೆ ತೊಡೆ ಮೇಲೆ ಹುಣ್ಣು. ತಲೆಗೆ ಮಫ್ಲರ್ ಸುತ್ತಿ, ಗೋಡೆ ಕಡೆ ತಿರುಗಿ ಮಲಗಿದವನು ಮೂರು ದಿನದಿಂದ ತುಟಿ ಪಿಟಕ್ಕೆಂದಿಲ್ಲ.

"ನನ್ ತಂಗೀಗ್ ಕಣವ್ವ. ದೊಡ್ಡಬಸಮ್ಮ ಅಂತ. ಏರು ಕಟ್ಟುದ್ರೆ ಗಂಡುಸ್ರೇ ನಾಚ್ಕೋಬೇಕು, ಅಂಗಿದ್ಲು. ಮದ್ವೆ ಬ್ಯಾಡ ಅಂದ್ಲು. ಬಾರುಕೋಲ್ ತಕಂಡು ಬಾರುಸ್ಬುಟ್ಟೆ. ಮಾರ್ನೆ ದಿನ ಒಳೆ ದಂಡೇಲಿ ಸೀರೆ ಸಿಕ್ತು, ಬಳೆ ಸಿಕ್ದೋ. ಎಣ ಸಿಕ್ಲಿಲ್ಲ." ಅಳೋ ಹಂಗೆ ನಕ್ಕ. "ಕೆಟ್ ಗಳ್ಗೆ ನೋಡು, ಅವತ್ತೇ ಅಗ್ಗದ ಮ್ಯಾಲೆ ಒಣಗಾಕಿದ್ದ ನನ್ ಅಂಗಿ ಪಂಚೇನೂ ಯಾವನೋ ಕದ್ದೊಯ್ದ."

ಪಕ್ಕದ ಮಂಚ ಕಿರುಗುಟ್ಟಿತು. ಜ್ವರದ ನಡುಕ ಇರಬೇಕು ಅಂದುಕೊಂಡ.

"ಅವ್ರು ಬದುಕಿದ್ದಿದ್ರೆ ಏನ್ ಮಾಡ್ತಿದ್ರಿ?" ಗುರುಸಿದ್ದಮ್ಮನ ದನಿ ತಗ್ಗಿತ್ತು.

"ಕಾಲ್ ಇಡ್ಕತಿದ್ದೆ. ನಿಂಗ್ ಯಂಗ್ ಬೇಕೋ ಅಂಗಿರು ಮಗಾ ಅಂತಿದ್ದೆ."

"ಈಗ ಅಂತೀರಿ. ಆಗ?"

ಮಾದಸ್ವಾಮಿ ಎಡೆಯ ಎಲೆಯನ್ನ ತಡವಿ ನೋಡಿದ. ಹೇಳಿದರೆ ನಂಬುತ್ತಾಳಾ? ನಿನ್ನೆ ಮಧ್ಯಾಹ್ನ, ಇವಳು ಟೀ ತರೋಕೆ ಹೋದಾಗ, ಮಂಪರಲ್ಲಿ ತಂಗಿಯ ದನಿ ಕೇಳಿತ್ತು. "ಬಾರೋ ಕರಿಯಾ, ಬಾ ಬಾ" ಅಂತ ಎತ್ತು ಕರೆಯೋ ಅದೇ ರಾಗ. ಧಡಕ್ಕನೆ ಎದ್ದು ಕೂತರೆ ವಾರ್ಡಲ್ಲಿ ಒಂದು ಹೆಣ್ಣುಪಿಳ್ಳೆಯೂ ಇರಲಿಲ್ಲ. ಅವಳ ಪ್ರಾಣ ಇಲ್ಲೇ ಸುತ್ತುತ್ತಿದೆ. ಆದರೂ ಎಡೆ ಮುಟ್ಟೋಲ್ಲ.

ಅಟೆಂಡರ್ ನಿಂಗರಾಜು ಟ್ರೇ ಹಿಡಿದು ಬಂದ. "ಗಂಡುಸ್ರ ವಾರ್ಡ್ ಕಣಮ್ಮೋ, ಈಚೆ ನಡೀರಿ. ಮೂರ್ ದಿನದಿಂದ ಇವತ್ತು ನಾಳೆ ಅಂತ ಆಟ ಆಡುಸ್ತಿದ್ದೀರ. ಕೀವು ಮೇಲಕ್ಕೇರುದ್ರೆ ತಾತ ಉಳಿಯಲ್ಲ ಅಂದವ್ರೆ ಡಾಕ್ಟ್ರು."

"ಡ್ರೆಸ್ಸಿಂಗು ನಾನೇ ಮಾಡ್ತೀನಪ್ಪ."

"ಎಲ್ಲಾರ್ಗೂ ಡ್ರೆಸ್ಸಿಂಗ್ ಮಾಡೋ ಒತ್ತು, ಎಂಗುಸ್ರು ಇರಂಗಿಲ್ಲ. ಗಂಡುಸ್ರು ನೆಂಟ್ರು ಇದ್ರೆ ಕರೀರಿ. ಇಲ್ಲ, ನಾನ್ ಬಟ್ಟೆ ಬಿಚ್ತೀನಿ."

"ಬ್ಯಾಡ! ಮನೇಗ್ ಕರ್ಕಂಡೋಯ್ತೀನಿ."

"ಸಾಯ್ಸಾಕಾ?"

ಗುರುಸಿದ್ದಮ್ಮ ಆಗಲೇ ಗಂಟು ಕಟ್ಟೋಕೆ ಶುರು ಮಾಡಿದ್ದಳು. ಮಾದಸ್ವಾಮಿಗೆ ಮೊದಲ ದಿನದಿಂದ ಅನುಮಾನ. ಬಟ್ಟೆ ಬಿಚ್ಚಿದರೆ ಏನು ಕಂಡುಬಿಡುತ್ತೆ? ಈ ಹೆಂಗಸು ಬಾರಿಸಿದ ಬಾಸುಂಡೆಯಾ? ಕೇಳಿದ್ದಕ್ಕೆ "ನಾಚ್ಕೆ ಸ್ವಭಾವ" ಅಂದಿದ್ದಳು.

ಈಗ ಆ ದನಿಯಲ್ಲಿದ್ದದ್ದು ಬರೀ ಭಯ. ಅಂಥ ಭಯವನ್ನ ಅವನು ಹಿಂದೆ ಒಮ್ಮೆ ಕೇಳಿದ್ದ. ಬಾರುಕೋಲು ಕೈಯಲ್ಲಿದ್ದ ದಿನ. ಅವತ್ತು ಕಿವುಡಾಗಿದ್ದ. ಇವತ್ತು ತಡಕಾಡುತ್ತಾ ಎದ್ದ.

"ನಿಲ್ಲವ್ವ. ಲೇ ನಿಂಗರಾಜು, ಒಂದ್ ಬೆಡ್‌ಶೀಟ್ ಕೊಡ್ಲಾ. ನಾನ್ ಅಡ್ಡ ಇಡ್ಕತೀನಿ, ಆವಮ್ಮ ಒಳ್ಗೆ ಮಾಡ್ಲಿ. ಯಂಗೂ ನಂಗ್ ಕಣ್ ಕಾಣಕಿಲ್ಲ."

"ನೀವ್ ನೆಂಟ್ರಾ ತಾತ?"

"ಊಂ ಕಣ್ಲಾ." ಸಲೀಸಾಗಿ ಸುಳ್ಳು ಬಿಟ್ಟ. "ನಾನೇ ಇವ್ನಣ್ಣ."

"ಮೂರ್ ದಿನದಿಂದ ಒಂದ್ ಮಾತೂ ಆಡ್ದೆ ಇದ್ದೋರು, ಅಣ್ತಮ್ಮದೀರಂತೆ!" ನಿಂಗರಾಜು ನಗುತ್ತಾ ಟ್ರೇ ಇಟ್ಟ. "ಅತ್ ನಿಮಿಷ ಅಷ್ಟೇಯ," ಅಂದು ಆಚೆ ಹೋದ.

ಮಾದಸ್ವಾಮಿ ಎರಡೂ ಕೈ ಅಗಲಿಸಿ ಬೆಡ್‌ಶೀಟ್ ಹಿಡಿದು ನಿಂತ. ಹಿಂದೆ ಬಟ್ಟೆಯ ಸರಸರ. ಒಂದು ನರಳಾಟ. ಆಮೇಲೆ ಬೆಡ್‌ಶೀಟಿನ ಅಂಚಿಂದ ಕೆಂಡದಂಥ ಕೈಯೊಂದು ಬಂದು ಅವನ ಮುಂಗೈ ಹಿಡಿಯಿತು. ಮೂರು ದಿನದಲ್ಲಿ ಮೊದಲ ಸಲ ಪುಟ್ಟಸಿದ್ದಯ್ಯ ಅವನ ಹತ್ತಿರ ಬಾಯಿ ಬಿಟ್ಟ. ನಿನ್ನೆ ಮಂಪರಲ್ಲಿ ಕೇಳಿದ್ದ ಅದೇ ದನಿ.

"ನಿನ್ ಅಂಗಿ ಕದ್ದೋನು ನಾನೇ ಕಣಣ್ಣ. ಬದುಕಿರೋನ್ ಎಡೇನ ಕಾಗೆ ಯಂಗ್ ಮುಟ್ಟಾತು?"