ಬಾಲ್ಬಿನಾಳ ಆಣೆ

ಎಡಗೈ ತಾನಾಗಿ ಎದ್ದು ಕಾಫಿ ಲೋಟವನ್ನು ಬೀಗಿತ್ತಿಯ ಮಡಿಲಿಗೆ ಎಸೆಯಿತು. ಯೂಡೊಮಾರಾ ಅದನ್ನು ಬಲಗೈಯಿಂದ ಅದುಮಿ ಹಿಡಿದಳು. ದಡಕ್ಕೆ ಬಿದ್ದ ಮೀನಿನ ಹಾಗೆ ಒದ್ದಾಡಿತು.

ಮದುವೆ ಮಾತಿಗೆಂದು ಬಂದಿದ್ದ ಓತಿಲಿಯಾ ಲಂಗ ಒರೆಸಿಕೊಳ್ಳಲೂ ಇಲ್ಲ. ಮರಕೈಬೋ ಸರೋವರದ ಆ ಕಂಬದ ಮನೆಗಳಲ್ಲಿ ಇದನ್ನು ಯಾರೂ ಕೇಳಿ ತಿಳಿಯಬೇಕಿರಲಿಲ್ಲ. ಮೈ ಕುಣಿಸಿ ಕೊಲ್ಲುವ ಆ ರೋಗಕ್ಕೆ ಅಲ್ಲಿನವರು ಇಟ್ಟ ಹೆಸರು ಕೇಡು. ಯೂಡೊಮಾರಾಳ ಅಪ್ಪ ಅದರಲ್ಲೇ ಕುಣಿದು ಕುಣಿದು ಸತ್ತಿದ್ದ. ಹೆತ್ತವರಿಗೆ ಬಂದರೆ ಮಕ್ಕಳಿಗೂ ಬರಬಹುದು. ಅವರು ತಪ್ಪಿಸಿಕೊಂಡರೆ ಮಕ್ಕಳೂ ಪಾರು. ಯೂಡೊಮಾರಾಗೆ ಐವತ್ತು ದಾಟಿದರೂ ಬೆರಳು ಅಲುಗಿರಲಿಲ್ಲವೆಂದೇ ಮಗಳು ನೆರ್ವಿಸ್‌ಗೆ ಈ ಸಂಬಂಧ ಕೂಡಿಬಂದಿತ್ತು.

“ನನ್ನ ಮಗನ್ನ ಬಿಟ್ಬಿಡು ತಾಯಿ,” ಎಂದು ಓತಿಲಿಯಾ ಎದ್ದಳು.

“ಕೂತ್ಕೊಳ್ಳಿ. ಅವಳು ನನ್ನ ಹೊಟ್ಟೇಲಿ ಹುಟ್ಟಿದವಳಲ್ಲ. ಸಾಕಿದ್ದು. ಬೇಕಾದ್ರೆ ಸೂಲಗಿತ್ತಿನ ಕೇಳಿ.”

ಆ ಗಳಿಗೆಗೆ ಹೊಳೆದ ಸುಳ್ಳು. ಹೆರಿಗೆ ಜ್ವರದಲ್ಲಿ ತಾನು ಪ್ರಜ್ಞೆ ತಪ್ಪಿ, ಕಣ್ಣು ಬಿಟ್ಟಾಗ ಮಗ್ಗುಲಲ್ಲಿ ಅಳುತ್ತಿದ್ದ ಮಗಳು ಈಗ ಬಾಗಿಲಲ್ಲಿ ನಿಂತಿದ್ದಳು. ಯೂಡೊಮಾರಾ ಆ ಕಡೆ ನೋಡಲಿಲ್ಲ.

ಪಕ್ಕದ ಮನೆಯ ಸೂಲಗಿತ್ತಿ ಬಾಲ್ಬಿನಾಳನ್ನು ಕರೆಸಿದರು. ಮೀನಿನ ಚೌಕಾಶಿಯಲ್ಲೂ ದೇವರ ಆಣೆ ಹಾಕದ ಮುದುಕಿ. ವಿಷಯ ಕೇಳಿ ಯೂಡೊಮಾರಾಳನ್ನು ಒಮ್ಮೆ ದಿಟ್ಟಿಸಿದಳು. ಆಮೇಲೆ ಕನ್ಯಾಮಾತೆಯ ಪಟ ಮುಟ್ಟಿ, “ನಿಜ. ಬೇರೆಯವಳು ಹೆತ್ತದ್ದು,” ಎಂದಳು.

ಮದುವೆಯಾಯಿತು. ದೋಣಿ ಹತ್ತುವಾಗ ನೆರ್ವಿಸ್, “ಬರ್ತೀನಿ, ಸೆನ್ಯೋರಾ,” ಎಂದಳು. ಪರಹೆಂಗಸನ್ನು ಕರೆದ ಹಾಗೆ; ಅಮ್ಮ ಎನ್ನಲಿಲ್ಲ.

ಯೂಡೊಮಾರಾಳಿಗೆ ಅಳು ಬರಲಿಲ್ಲ. ಬಾಯಾರಿಕೆ ಮಾತ್ರ. ಗಡಿಗೆಗಟ್ಟಲೆ ಬೆಲ್ಲದ ಪಾನಕ ಕುಡಿದಳು. ಕೈ ಇನ್ನೂ ಜೋರಾಗಿ ಕುಣಿಯಿತು.

“ನಿಮ್ಮಪ್ಪನ ಮೈಯೆಲ್ಲ ಕುಣೀತಿತ್ತು. ನಿಂದೇನೆ ಇದು, ಒಂದೇ ಕಡೆ?” ಎಂದು ಬಾಲ್ಬಿನಾಳೇ ಅವಳನ್ನು ಪಟ್ಟಣದ ಆಸ್ಪತ್ರೆಗೆ ಒಯ್ದಳು.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. “ಕೇಡಲ್ಲಮ್ಮ ಇದು. ಸಕ್ಕರೆ ಕಾಯಿಲೆ. ವಿಪರೀತ ಏರಿದ್ರೆ ಕೆಲವರಿಗೆ ಹೀಗೆ ಒಂದು ಮಗ್ಗುಲು ಕುಣಿಯುತ್ತೆ.” ಇನ್ಸುಲಿನ್ ಶುರು ಮಾಡಿದರು. ಕೆಲವು ದಿನಗಳಲ್ಲಿ ಕೈ ತೆಪ್ಪಗೆ ಮಡಿಲಲ್ಲಿ ಮಲಗಿತು.

ಮರಳುವ ದೋಣಿಯಲ್ಲಿ ಯೂಡೊಮಾರಾ ಅದನ್ನೇ ನೋಡುತ್ತ ಕೂತಿದ್ದಳು, ಯಾರದೋ ಕೈ ನೋಡಿದ ಹಾಗೆ.

“ನಾಳೆ ಹೋಗಿ ನೆರ್ವಿಸ್‌ಗೆ ಹೇಳ್ತೀನಕ್ಕ, ಅವಳು ನಾನು ಹೆತ್ತ ಮಗಳೇ ಅಂತ. ನೀನೂ ಬಾ. ಸುಳ್ಳು ಆಣೆ ಹಾಕಿದ್ದೆ ಅಂತ ಒಪ್ಕೊಂಬಿಡು.”

ಬಾಲ್ಬಿನಾ ಹುಟ್ಟು ಹಾಕುವುದನ್ನು ನಿಲ್ಲಿಸಿದಳು.

“ನಾನು ಸುಳ್ಳು ಆಣೆ ಹಾಕಿಲ್ಲ, ಯೂಡೊ. ಅವತ್ತು ನೀನು ಹೆತ್ತ ಕೂಸು ಉಸಿರೇ ಆಡ್ಲಿಲ್ಲ.”